ಜಯಲಕ್ಷ್ಮಮ್ಮನ ಕೈಗೊಂದು ಪೆನ್ನು

ಮರ ಕಡೆಯುವ ಲೇತಿನ ಮೇಲೆ ಗಿರಗಿರ ತಿರುಗುತ್ತಿದ್ದ ಹುಣಸೆ ತುಂಡು ಪಟಾರನೆ ಸಿಡಿದು ನಿಂಗರಾಜುವಿನ ಕೆನ್ನೆಗೆ ಬಡಿಯಿತು. ಕೈಯಲ್ಲಿದ್ದ ಉಳಿಯನ್ನು ಅವನು ನೆಲಕ್ಕೆ ಕುಕ್ಕಿದ.

"ಇದರ ಮನೆ ಹಾಳಾಗ. ಮರಾನೋ ಮಡಕೇನೋ ಇದು?"

"ಮರಕ್ಯಾಕಣ್ಣ ಬೈತೀಯ?" ಅಂದ ಧರ್ಮೇಂದ್ರ, ಕೂತಲ್ಲಿಂದ ಏಳದೆ. ಪಾಂಡವಪುರದಲ್ಲಿ ಮಂಚದ ಕಾಲು, ಲಟ್ಟಣಿಗೆ ಕಡೆದು ಕೊಡುವ ಅಂಗಡಿ ಅವನದು. "ನೇಗಿಲ ಮೇಳಿ ಅದುಮ್ದಂಗೆ ಉಳಿ ಅದುಮ್ತೀಯ. ನೆಲ ಆದ್ರೆ ಬಿರೀತದೆ, ಇದು ಸಿಡೀತದೆ. ಉಳೀನ ಸುಮ್ಕೆ ತಾಗುಸ್ಬೇಕು ಕಣಣ್ಣ. ಕೆಲ್ಸ ಮಾಡೋದು ಮೋಟ್ರು, ನೀನಲ್ಲ."

"ಅಂಗಾರೆ ಮೋಟ್ರೇ ಮಾಡ್ಕಳ್ಳಿ. ನಾನ್ಯಾಕ್ಲಾ ಸಾಯ್ಬೇಕು ಇಲ್ಲಿ?"

ಹಾಗಂದವನೇ ಮೂಲೆಯಿಂದ ಇನ್ನೊಂದು ತುಂಡು ಎತ್ತಿಕೊಂಡು ಬಂದ. ನೇಗಿಲು ಬಿಟ್ಟರೆ ಬೇರೆ ಹಿಡಿ ಹಿಡಿಯದ ಕೈ ಈ ವಯಸ್ಸಿನಲ್ಲಿ ಪೆನ್ನು ಕಡೆಯಲು ಕಲಿಯುತ್ತಿದ್ದದ್ದು ಶೋಕಿಗಲ್ಲ, ಸಿಟ್ಟಿಗೆ.

ಹೆಂಡತಿ ಜಯಲಕ್ಷ್ಮಮ್ಮ ಊರಿನ ಮಹಿಳಾ ಹಾಲಿನ ಡೈರಿಗೆ ಅಧ್ಯಕ್ಷೆಯಾಗಿದ್ದಳು. ಅವಳ ಬಲಗೈಯ ತೋರುಬೆರಳು, ನಡುಬೆರಳು ಅರ್ಧಕ್ಕೇ ಮೊಂಡು. ಮೇವು ಕತ್ತರಿಸುವ ಮಿಷನ್ನು ತಿಂದುಹಾಕಿತ್ತು. ಮೊದಲ ಮೀಟಿಂಗಿನಲ್ಲಿ ಸಹಿ ಹಾಕುವಾಗ ಪೆನ್ನು ಜಾರಿತು, ಎತ್ತಿಕೊಂಡಳು, ಮತ್ತೆ ಜಾರಿತು. ಕಾರ್ಯದರ್ಶಿ ಸೋಮಯ್ಯ ಪುಸ್ತಕವನ್ನು ಅವಳ ಮುಂದಿನಿಂದ ಎಳೆದು, ಪಕ್ಕದಲ್ಲಿ ಕೂತಿದ್ದ ನಿಂಗರಾಜುವಿನ ಕಡೆ ತಳ್ಳಿದ.

"ನೀನೇ ಒಂದು ಗೀಚ್ಬುಡಣ್ಣ. ಎಲ್ಲಾ ಕಡೆ ಗಂಡಸ್ರೇ ಆಕೋದು."

ಸುತ್ತ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಿಂಗರಾಜು ಸೋಮಯ್ಯನ ಕತ್ತುಪಟ್ಟಿಗೆ ಕೈ ಹಾಕಿದ. ಬಿಡಿಸಿದ ಮೇಲೆ ಸೋಮಯ್ಯ ಅಂಗಿ ಸರಿಮಾಡಿಕೊಳ್ಳುತ್ತ, ಬರುವ ಸೋಮವಾರದ ಮೀಟಿಂಗಿನಲ್ಲೂ ಅಧ್ಯಕ್ಷೆ ಕೈಯಲ್ಲಿ ಸಹಿ ಆಗದಿದ್ದರೆ ಉಪಾಧ್ಯಕ್ಷೆಗೆ ಅಧಿಕಾರ ಕೊಡಬೇಕಾಗುತ್ತದೆ ಅಂದ. ಉಪಾಧ್ಯಕ್ಷೆ ಅವನ ನಾದಿನಿ.

ನಿಂಗರಾಜು ಶ್ರೀರಂಗಪಟ್ಟಣದ ಅಂಗಡಿಗಳನ್ನೆಲ್ಲ ಸುತ್ತಿದರೂ ಕೈಗೆ ನಿಲ್ಲುವ ದಪ್ಪದ ಪೆನ್ನು ಸಿಗಲಿಲ್ಲ. ಮರದಲ್ಲಿ ಮಾಡಿಕೊಡು ಅಂತ ಧರ್ಮೇಂದ್ರನ ಹತ್ತಿರ ಬಂದ. ಅವನೋ, "ಮೊಬೈಲಲ್ಲಿ ನೋಡಿವ್ನಿ, ಮಾಡಿಲ್ಲ. ತೂತು ಕೊರೆದು ಕೊಡ್ತೀನಿ. ಕಡೆಯೋಕೆ ನಂಗೆ ಪುರ್‌ಸತ್ತಿಲ್ಲ, ಲೇತು ಬುಟ್ಕೊಡ್ತೀನಿ, ನೀನೇ ಮಾಡ್ಕೊ," ಅಂದಿದ್ದ.

ತುಂಡುಗಳು ಸಿಡಿದವು, ಓರೆಯಾದವು, ನಡು ಮುರಿದವು. ನಿಂಗರಾಜು ಲೇತಿಗೆ ಬೈದ, ಹುಣಸೆಗೆ ಬೈದ, ಕರೆಂಟು ಹೋದಾಗ ಕಂಬಕ್ಕೆ ಬೈದ. ಶನಿವಾರ ಸಂಜೆಗೆ ಒಂದು ಪೆನ್ನು ಉಳಿಯಿತು. ಉಪ್ಪುಕಾಗದದಿಂದ ಉಜ್ಜಿ, ಮೇಣ ತಿಕ್ಕಿ, ರೀಫಿಲ್ಲು ಕೂರಿಸಿದ. ಹೆಬ್ಬೆರಳಿನಷ್ಟು ದಪ್ಪ, ನುಣ್ಣಗೆ, ನೇರವಾಗಿತ್ತು.

ಕೊಟ್ಟಿಗೆಯಲ್ಲಿದ್ದ ಹೆಂಡತಿಯ ಕೈಗೆ ಅದನ್ನು ಕೊಟ್ಟು, ಹಳೇ ಕ್ಯಾಲೆಂಡರಿನ ಬೆನ್ನು ಮುಂದೆ ಹಿಡಿದ. "ಬರಿ."

ಎರಡಕ್ಷರ ಬರೆಯುವುದರೊಳಗೆ ಪೆನ್ನು ಜಾರಿ ಸಗಣಿಗೆ ಬಿತ್ತು.

"ಸರ್ಯಾಗಿ ಇಡ್ಕಳ್ಳೇ. ಅದಕ್ಕೋಸ್ಕರ ಕೆನ್ನೆ ಒಡಕೊಂಡಿವ್ನಿ ನಾನು."

ಜಯಲಕ್ಷ್ಮಮ್ಮ ಎದ್ದು ನಿಂತಳು. "ನಿನ್ ಕೈ ಅಳತೆಗೆ ಮಾಡ್ಕಂಡು ನನ್ ಕೈಲಿ ಬರ್ಸಕ್ ಬಂದಿದ್ದೀಯ? ಬೆಳ್ಳು ಓಗಿರೋದು ನಂದು. ಎಲ್ಲಿ ಜಾರ್ತದೆ ಅಂತ ಒಂದಿನ ಕೇಳಿದ್ದೀಯ? ಆ ಸೋಮಯ್ಯನೂ ನಿನ್ನೇ ಕೇಳ್ದ. ನೀನೂ ನಿನ್ನೇ ಕೇಳ್ಕಂಡೆ."

ಅವನು ಕಾಲಿಗೆ ಸಿಕ್ಕ ಬಕೆಟ್ಟನ್ನು ಒದ್ದ. ಎಮ್ಮೆ ಬೆದರಿ ಹಗ್ಗ ಜಗ್ಗಿತು. ಮರುದಿನ ಬೆಳಿಗ್ಗೆ ಅವಳು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅವನು ಗಾಡಿ ಸ್ಟಾರ್ಟು ಮಾಡಿಕೊಂಡು ನಿಂತಿದ್ದ. ಮುಖ ಆ ಕಡೆ.

"ಗಾಡಿ ಅತ್ತು."

ಭಾನುವಾರ ಮುಚ್ಚಿದ್ದ ಅಂಗಡಿಯನ್ನು ಧರ್ಮೇಂದ್ರ ಗೊಣಗುತ್ತ ತೆಗೆದ. ಜಯಲಕ್ಷ್ಮಮ್ಮ ಮರದ ತುಂಡೊಂದನ್ನು ಹಿಡಿದು ತೋರಿಸಿದಳು: ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು.

"ಎಮ್ಮೆ ಮೊಲೆ ಇಡಿಯೋದೂ ಇಂಗೇ, ಪೆನ್ನು ಇಡಿಯೋದೂ ಇಂಗೇ. ನಂಗೆ ಸಣ್ಣಗೆ ಬೇಕಾಗಿರೋದು ಇಲ್ಲಿ, ಬೆಳ್ಳು ಕೂರೋ ಕಡೆ. ಕೆಳಗೆ ಊದ್ಕಂಡಿರ್ಬೇಕು, ಬೆಳ್ಳು ತಡೀಬೇಕು."

ನಿಂಗರಾಜು ಉಳಿ ಹಿಡಿದ. ಒಂದಿಷ್ಟು ಕಡೆದು ಮೋಟರು ನಿಲ್ಲಿಸುವನು, ಅವಳು ಹಿಡಿದು ನೋಡುವಳು, "ಇನ್ನೊಸಿ" ಅನ್ನುವಳು. ಮತ್ತೆ ಮೋಟರು. "ಇನ್ನೊಸಿ." ಅವನ ದವಡೆ ಬಿಗಿಯುತ್ತಿತ್ತು. ಅವಳ ಕೈ ನೋಡುವ ಗಡಿಬಿಡಿಯಲ್ಲಿ ಉಳಿ ಅದುಮುವುದು ಮಾತ್ರ ಮರೆತುಹೋಗಿತ್ತು. ಸಿಪ್ಪೆ ಎಳೆಎಳೆಯಾಗಿ ಅವನ ಮುಂಗೈ ಮೇಲೆ ಸುರುಳಿ ಬಿದ್ದಿತು.

"ಬದ್ನೇಕಾಯಿ ಆಯ್ತಲ್ಲಣ್ಣ," ಅಂದ ಧರ್ಮೇಂದ್ರ.

"ಬಾಯ್ ಮುಚ್ಲಾ."

ಉಜ್ಜಲಿಲ್ಲ, ಮೇಣ ಹಚ್ಚಲಿಲ್ಲ. ಒರಟಿದ್ದರೇ ಹಿಡಿತ ಅಂತ ಅವಳು ಬೇಡ ಅಂದಳು.

ಸೋಮವಾರ ಡೈರಿಯಲ್ಲಿ ನಿಂಗರಾಜು ಹೋದ ಸಲದಂತೆ ಹೆಂಡತಿಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಇವತ್ತು ಸೋಮಯ್ಯನ ಮುಖ ನೋಡಲೇಬೇಕಿತ್ತು ಅವನಿಗೆ. ಜಯಲಕ್ಷ್ಮಮ್ಮ ಪೆನ್ನು ತೆಗೆದು ಮೇಜಿನ ಮೇಲಿಟ್ಟು, ಗಂಡನ ಕಡೆ ತಿರುಗಿದಳು.

"ನೀನು ಆಚೆ ಓಗು. ಇದು ಡೈರೆಕ್ಟ್ರುಗಳ ಮೀಟಿಂಗು."

ಹೆಂಗಸರು ಮತ್ತೆ ಸೆರಗು ಬಾಯಿಗಿಟ್ಟರು. ಈ ಸಲ ನಕ್ಕಿದ್ದು ಅವನನ್ನು ನೋಡಿ. ಅವನ ಕಿವಿ ಬಿಸಿಯಾಯಿತು. ಕುರ್ಚಿಯನ್ನು ಸದ್ದಾಗುವಂತೆ ತಳ್ಳಿ ಎದ್ದುಹೋಗಿ ಹೊರಗಡೆ ಹಾಲಿನ ಕ್ಯಾನುಗಳ ಹತ್ತಿರ ನಿಂತ. ಕೆನ್ನೆ ಒಡೆದುಕೊಂಡವನು ತಾನು, ಸೋಮಯ್ಯನ ಮುಖ ನೋಡುವವರು ಅವರು. ಬೈಯೋಣವೆಂದರೆ ಅಲ್ಲಿ ಕ್ಯಾನು ಬಿಟ್ಟರೆ ಯಾರೂ ಇರಲಿಲ್ಲ.

ಒಳಗೆ ಮಾತು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಬಾಗಿಲಿಗೆ ನುಗ್ಗಲು ಅವನು ಒಂದು ಹೆಜ್ಜೆ ಎತ್ತಿಟ್ಟ.

"ಇನ್ನೂ ಎಷ್ಟೊತ್ತಕ್ಕಾ?" ಸೋಮಯ್ಯನ ದನಿ.

"ಕುಂತ್ಕೊ ಸೋಮಯ್ಯ. ನನ್ನೆಸ್ರು ಉದ್ದ ಅದೆ."

ನಿಂಗರಾಜು ಇಟ್ಟ ಹೆಜ್ಜೆಯಲ್ಲೇ ನಿಂತ. ಮುಷ್ಟಿ ಇನ್ನೂ ಬಿಗಿದೇ ಇತ್ತು. ಒಳಗೆ ಹಾಳೆ ಮಗುಚಿದ ಸದ್ದಾಯಿತು.

"ಊಂ," ಅಂದಳು ಜಯಲಕ್ಷ್ಮಮ್ಮ. "ಮುಂದಿನ್ದು ಎಲ್ಲಿ, ತೋರ್ಸು."