ಗಿರಣಿಯಣ್ಣನಿಗಾಗಿ ಪ್ರಾರ್ಥಿಸಿರಿ

ಗಿರಣಿಯವನು ಮಾತು ಕಡಿಮೆಯ ಮನುಷ್ಯ. ದಿನವಿಡೀ ಗಡಗಡ ಸದ್ದಿನ ಪಕ್ಕ ನಿಂತವನಿಗೆ ಮಾತಿನ ಅಭ್ಯಾಸವೇ ತಪ್ಪಿಹೋಗಿತ್ತು. ನುಣ್ಣಗೋ ತರಿಯೋ ಎಂದು ಕೈಸನ್ನೆಯಲ್ಲೇ ಕೇಳುತ್ತಿದ್ದ. ಗಿರಾಕಿ ಬೆರಳಾಡಿಸಿದಂತೆ ಕಲ್ಲು ಬಿಗಿ ಮಾಡಿ ಬೀಸಿ ಕೊಡುತ್ತಿದ್ದ. ಆದರೆ ಭಾನುವಾರ ಚರ್ಚಿನ ಆರಾಧನೆಯಲ್ಲಿ ಎದ್ದು ನಿಂತು ಸತ್ಯವೇದ ಓದುವಾಗ ಅವನ ದನಿಯೇ ಬೇರೆ. ಆ ದನಿಗೆ ಅಳುವ ಮಕ್ಕಳೂ ಸುಮ್ಮನಾಗುತ್ತವೆ ಎಂದು ಊರಿನವರು ಹೇಳುತ್ತಿದ್ದರು. ಅದನ್ನು ಕೇಳಿ ಅವನ ಹೆಂಡತಿಗೆ ಹಿಗ್ಗೋ ಹಿಗ್ಗು.

ಒಂದು ಸಂಜೆ ಅವನು ಗಿರಣಿ ನಿಲ್ಲಿಸಿ, ಸವೆದ ಕಲ್ಲನ್ನು ಮಗುಚಿ ಹಾಕಿಕೊಂಡು ಉಳಿಯಿಂದ ಗೀರು ಹೊಡೆಯುತ್ತಿದ್ದ. ಹೆಂಡತಿ ಚಹಾ ತಂದು ಪಕ್ಕದ ಮೂಟೆಯ ಮೇಲೆ ಕೂತಳು.

"ಯಾಕ್ರೀ, ಇತ್ತೀಚೆಗೆ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವಾಗ ನಡುವೆ ನಿಂತ್ಬಿಡ್ತೀರಲ್ಲ?"

ಅವನು ಸ್ವಲ್ಪ ಹೊತ್ತು ಉಳಿ ಆಡಿಸಿದ. ಆಮೇಲೆ ಕೆಳಗಿಟ್ಟ.

"ಹೇಗೆ ಹೇಳ್ಲಿ ಕಣೇ. ಮೋಟರು ತಿರುಗ್ತಾ ಇದೆ, ಬೆಲ್ಟು ಕಳಚಿಬಿಟ್ಟಿದೆ. ಓದ್ತೀನಿ, ಹಾಡ್ತೀನಿ, ಸದ್ದೇನೋ ಜೋರಾಗೇ ಇದೆ. ಹಿಟ್ಟು ಬೀಳ್ತಿಲ್ಲ. ಆ ಕಡೆ ಯಾರೂ ಇಲ್ಲ ಅನ್ಸುತ್ತೆ. ಅಮ್ಮ ತೀರಿಕೊಂಡಾಗಿನಿಂದ ಹೀಗೇ."

ಹೆಂಡತಿ ಅವನ ಹಿಟ್ಟುಗೈಯನ್ನು ಹಾಗೇ ಹಿಡಿದುಕೊಂಡಳು. ಉಪದೇಶ ಮಾಡಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ.

"ಯಾರಿಗೂ ಹೇಳ್ಬೇಡ" ಎಂದ.

"ಅಯ್ಯೋ, ನಾನ್ಯಾರಿಗೆ ಹೇಳ್ಲಿ?"

ಎದೆಯ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಯಿತು ಅವನಿಗೆ. ನಂಬಿಕೆ ಮರಳಿ ಬರಲಿಲ್ಲ ನಿಜ. ಆದರೆ ಇಲ್ಲ ಎನ್ನುವುದನ್ನು ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿತ್ತು. ಎಷ್ಟೋ ದಿನಗಳ ಮೇಲೆ ಅಂದು ಗಡದ್ದಾಗಿ ನಿದ್ದೆ ಮಾಡಿದ.

ಮುಂದಿನ ಭಾನುವಾರ ಅವನು ಓದಿ ಬಂದು ಬೆಂಚಿನಲ್ಲಿ ಕೂತ. ಸಭೆ ನಡೆಸುವ ಅಯ್ಯನವರು ಪ್ರಸಂಗ ಮುಗಿಸಿ, ಎಲ್ಲರೂ ತಲೆಬಾಗಿಸಿ ಎಂದರು.

"ಪ್ರಿಯರೇ, ನಮ್ಮ ನಡುವೆ ಒಬ್ಬ ಸಹೋದರರಿದ್ದಾರೆ. ಹೆಸರು ಹೇಳೋದಿಲ್ಲ. ಅದು ಕರ್ತನಿಗೆ ಗೊತ್ತು. ಹೊರಗಿಂದ ನೋಡಿದ್ರೆ ಎಲ್ಲಾ ಸರಿಯಾಗೇ ಇದೆ. ಆದ್ರೆ ಒಳಗೆ? ಮೋಟರು ತಿರುಗ್ತಾ ಇದೆ, ಬೆಲ್ಟು ಕಳಚಿಹೋಗಿದೆ! ಸದ್ದು ಜೋರು, ಹಿಟ್ಟು ಬೀಳ್ತಿಲ್ಲ!"

ಊರಿಗೆಲ್ಲ ಇದ್ದದ್ದು ಒಂದೇ ಗಿರಣಿ.

ಹಿಂದಿನಿಂದ ಯಾರೋ "ಸ್ತೋತ್ರ" ಎಂದರು. ಬಾಗಿದ ತಲೆಗಳು ಬಾಗಿದಂತೆಯೇ ಇದ್ದವು. ಕಣ್ಣುಗಳು ಮಾತ್ರ ಒಂದೊಂದಾಗಿ ತೆರೆದು ತನ್ನ ಕಡೆ ತಿರುಗುತ್ತಿವೆ ಎಂದು ಅವನ ಕತ್ತಿಗೆ ಗೊತ್ತಾಯಿತು. ಅವನೂ ಕಣ್ಣು ತೆರೆದ. ಆಚೆ ಸಾಲಿನಲ್ಲಿ ಹೆಂಡತಿ ತನ್ನ ಉಗುರನ್ನೇ ನೋಡುತ್ತ ಕೂತಿದ್ದಳು.

ಮನೆಗೆ ಬಂದು ಚಪ್ಪಲಿ ಬಿಟ್ಟವನೇ ಕೇಳಿದ: "ಯಾರಿಗೆ ಹೇಳ್ದೆ?"

"ಹೊಲಿಗೆಯಕ್ಕನಿಗೆ ಒಬ್ಬಳಿಗೇ. ಆಣೆ ಹಾಕಿಸಿಕೊಂಡಿದ್ದೆ ರೀ."

"ಆಣೆ ಹಾಕಿಸಿಕೊಂಡು ಹೇಳುವಂಥದ್ದೇನಿತ್ತು?"

"ಒಬ್ಬಳೇ ಹೊರೋಕೆ ಆಗಲಿಲ್ಲ. ನೀವು ಹೇಳಿ ಹಗುರಾದ್ರಿ, ನಿದ್ದೆ ಮಾಡಿದ್ರಿ. ನಾನು? ಪಕ್ಕದಲ್ಲಿ ಕಣ್ಣು ಬಿಟ್ಕೊಂಡು ಮಲಗಿದ್ದೆ. ನಿಮ್ಮ ಆತ್ಮದ ಗತಿ ಏನು ಅಂತ. ಚಾಡಿ ಹೇಳಿಲ್ಲ ನಾನು. ಪ್ರಾರ್ಥನೆ ಮಾಡು ಅಂತ ಕೇಳಿಕೊಂಡೆ. ಅದೂ ತಪ್ಪಾ?"

ಅವಳು ಬೈದಿದ್ದರೆ, ಹಂಗಿಸಿದ್ದರೆ ಜಗಳ ತೆಗೆಯಬಹುದಿತ್ತು. ತನ್ನ ಮೇಲಿನ ಪ್ರೀತಿಯಿಂದಲೇ ತನ್ನನ್ನು ಬೀದಿಗೆಳೆದವಳ ಜೊತೆ ಏನೆಂದು ಜಗಳವಾಡುವುದು?

ಮರುದಿನ ಬೆಳಗ್ಗೆ ಮೊದಲ ಗಿರಾಕಿಯಾಗಿ ಬಂದವಳು ಹೊಲಿಗೆಯಕ್ಕನೇ. ಡಬ್ಬಿ ಇಳಿಸಿ ಸೀರೆಯಂಚಿನಲ್ಲಿ ಕಣ್ಣೊರೆಸಿಕೊಂಡಳು.

"ಅಣ್ಣಾ, ದೇವರಾಣೆ, ನಾನು ಅಮ್ಮನವರಿಗೆ ಒಬ್ಬರಿಗೇ ಹೇಳಿದ್ದು." ಅಮ್ಮನವರು ಎಂದರೆ ಅಯ್ಯನವರ ಹೆಂಡತಿ. "ಅವರು ಫೋನಿನ ಗುಂಪಿಗೆ ಹಾಕಿಬಿಟ್ರು. ಅದೂ ಪ್ರಾರ್ಥನೆಯ ಗುಂಪಿಗೇ ಅನ್ನಿ."

"ಏನಂತ ಹಾಕಿದ್ರು?"

"'ನಮ್ಮ ಗಿರಣಿಯಣ್ಣನಿಗಾಗಿ ಪ್ರಾರ್ಥಿಸಿರಿ' ಅಂತ. ಕೆಳಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದಾರೆ. ಪೇಟೆಗೆ ಮದುವೆಯಾಗಿ ಹೋದ ನನ್ನ ಮಗಳು ಕೂಡ ಹಾಕಿದ್ದಾಳೆ ನೋಡಿ."

ಅಂದರೆ ಅಯ್ಯನವರು ಮುಚ್ಚಿಟ್ಟ ಹೆಸರು ಅವರು ಬಾಯಿ ತೆರೆಯುವ ಮೊದಲೇ ಊರು ದಾಟಿ ಹೋಗಿತ್ತು. ಅವನು ಸನ್ನೆಯಲ್ಲಿ, ನುಣ್ಣಗೋ ತರಿಯೋ, ಎಂದು ಕೇಳಿದ.

ಆ ವಾರ ಗಿರಾಕಿಗಳ ದನಿಯೇ ಬದಲಾಗಿತ್ತು. ಹಿಟ್ಟು ಬಿಸಿಯಾಯಿತು, ತೂಕ ಕಮ್ಮಿಯಾಯಿತು ಎಂದು ತಂಟೆ ತೆಗೆಯುತ್ತಿದ್ದವರು ಕೂಡ ಜ್ವರ ಬಂದವನ ಹತ್ತಿರ ಮಾತಾಡುವ ಹಾಗೆ ಮೆತ್ತಗೆ ಮಾತಾಡಿದರು. ಹೋಗುವಾಗ ಭುಜ ತಟ್ಟಿದರು. ಸಭೆಯ ಕಡೆ ತಲೆಹಾಕದ ಕುರಿಯಜ್ಜ ಒಬ್ಬನೇ ಎಂದಿನಂತೆ ಬಾಗಿಲಿನಿಂದಲೇ ಕೂಗಿದ:

"ಏನೋ, ನಿನ್ನ ಬೆಲ್ಟು ಕಳಚಿದೆಯಂತೆ? ನನ್ನ ಜೋಳ ಬೀಸಿಕೊಟ್ಟು ಆಮೇಲೆ ರಿಪೇರಿ ಮಾಡ್ಕೋ ಮಾರಾಯ!"

ಗಿರಣಿಯವನಿಗೆ ಆ ವಾರದಲ್ಲಿ ನಗು ಬಂದದ್ದು ಅದೊಂದೇ ಸಲ.

ವಾರದ ಕೊನೆಗೆ ಅಯ್ಯನವರೇ ಬಂದರು. ಬಟ್ಟೆಗೆ ಹಿಟ್ಟು ತಾಗದಂತೆ ಸ್ಟೂಲಿನ ತುದಿಯಲ್ಲಿ ಕೂತರು. ಅವನು ಮೋಟರು ನಿಲ್ಲಿಸಿದ. ಕ್ಷಮೆ ಕೇಳಲು ಬಂದಿರಬಹುದು ಎಂದುಕೊಂಡ.

"ಸಹೋದರರೇ, ಬೇಸರ ಮಾಡ್ಕೊಂಡಿಲ್ಲ ತಾನೇ? ನಿಮ್ಮ ಆ ಮಾತು ಎಷ್ಟು ಜನರ ಮನಸ್ಸಿಗೆ ತಟ್ಟಿದೆ ಗೊತ್ತಾ? ಮುಂದಿನ ಭಾನುವಾರ ನೀವೇ ಸಾಕ್ಷಿ ಹೇಳ್ಬೇಕು. ಬೆಲ್ಟು ಕಳಚಿತ್ತು, ಕರ್ತನು ಮತ್ತೆ ಹಾಕಿದ ಅಂತ. ವೀಡಿಯೋ ಮಾಡಿ ಹಾಕೋಣ. ಈಗಿನ ಯುವಕರಿಗೆ ಇಂಥದ್ದೇ ಬೇಕು."

"ಹಾಕಿಲ್ಲವಲ್ಲ ಅಯ್ಯನವರೇ."

"ಏನು?"

"ಬೆಲ್ಟು. ಇನ್ನೂ ಹಾಕಿಲ್ಲ."

ಅಯ್ಯನವರು ನಕ್ಕರು. "ಬಾಯಿಂದ ಮೊದಲು ಅರಿಕೆ ಮಾಡಿ. ಮನಸ್ಸು ಹಿಂದೆಯೇ ಬರುತ್ತೆ."

"ನನಗೆ ಏನಾಗಿದೆ ಅಂತ ಒಂದು ಮಾತು ಕೇಳೋಕೆ ಬಂದಿದ್ರೆ ಹೇಳ್ತಿದ್ದೆ" ಎಂದ ಗಿರಣಿಯವನು. "ನೀವು, ಅಮ್ಮನವರು, ಹೊಲಿಗೆಯಕ್ಕ, ಎಲ್ಲರೂ ದೇವರ ಹತ್ತಿರ ನನ್ನ ವಿಷಯ ಮಾತಾಡಿದ್ರಿ. ನನ್ನ ಹತ್ತಿರ ಒಬ್ಬರೂ ಮಾತಾಡಲಿಲ್ಲ."

ಅಯ್ಯನವರ ಮುಖ ಸಣ್ಣದಾಯಿತು. ಆದರೂ ಎದ್ದು ಅವನ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಉದ್ದಕ್ಕೆ ಪ್ರಾರ್ಥನೆ ಮಾಡಿಯೇ ಹೋದರು.

ಅಂದು ಊಟಕ್ಕೆ ಕೂತಾಗ ಗಿರಣಿಯವನು ಎಲ್ಲೂ ನಿಲ್ಲದೆ ಸರಾಗವಾಗಿ ಪ್ರಾರ್ಥನೆ ಮಾಡಿದ. ಹೆಂಡತಿ ತಟ್ಟೆಗೆ ಕೈಹಾಕದೆ ಅವನನ್ನೇ ನೋಡಿದಳು.

"ಈಗ ಹೇಗಿದೆ ರೀ... ಒಳಗೆ?"

ವಾರದಿಂದ ಅವಳೂ ಸರಿಯಾಗಿ ಉಂಡಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು. ಇರುವುದನ್ನು ಇದ್ದಂತೆ ಹೇಳಿದರೆ ಮತ್ತೆ ಇವಳು ಮಲಗಲಾರಳು. ಮಲಗಲಾಗದೆ ಮತ್ತೆ ಯಾರ ಮನೆಯ ಬಾಗಿಲಿಗೋ ಹೋದಾಳು.

"ಈಗ ಪರವಾಗಿಲ್ಲ" ಎಂದ. "ಎಲ್ಲಾ ಸರಿಹೋಯ್ತು."

"ನಿಜವಾಗ್ಲೂ?"

"ನಿಜವಾಗ್ಲೂ ಕಣೇ."

"ದೇವರು ದೊಡ್ಡವನು" ಎಂದು ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೈ ತೆಗೆದು ಹೆದರುತ್ತ ಕೇಳಿದಳು: "ಅವರಿಗೆಲ್ಲ ಹೇಳ್ಲಾ?"

"ಹೇಳು."

ಉಂಡು ಕೈತೊಳೆದು, ಜರಡಿ ಕೊಡವಿಲ್ಲ ಎಂಬ ನೆಪ ಹೇಳಿ ಗಿರಣಿಗೆ ಬಂದ. ಬಾಗಿಲು ಮುಂದೆ ಮಾಡಿ, ಸದ್ದಿಲ್ಲದ ಯಂತ್ರದ ಪಕ್ಕ ನೆಲದ ಮೇಲೆ ಕೂತ. ಇಷ್ಟು ವರ್ಷ ಸಂಸಾರ ಮಾಡಿ ಅವಳಿಗೆ ಒಂದು ಸುಳ್ಳೂ ಹೇಳಿದವನಲ್ಲ. ಇನ್ನು ಮೇಲೆ ಹೇಳುತ್ತಲೇ ಇರಬೇಕಾಗುತ್ತದೆ ಎಂದು ಹೊಳೆಯಿತು.

"ಸುಳ್ಳು ಹೇಳಿ ಬಂದೆ" ಎಂದ, ತಲೆಯೆತ್ತಿ, ಯಾರೂ ಇಲ್ಲ ಎನಿಸಿದ ಆ ಕಡೆಗೆ, ಗಟ್ಟಿಯಾಗಿಯೇ. "ಏನೂ ಸರಿಹೋಗಿಲ್ಲ. ಅವಳು ಹೀಗೆ ಮಾಡಬಾರದಿತ್ತು. ಅವಳನ್ನ ಬಿಟ್ಟು ಇನ್ಯಾರಿಗೆ ಹೇಳಿಕೊಳ್ಳಲಿ ನಾನು?"

ತೊಲೆಯ ಮೇಲಿಂದ ಒಂದಿಷ್ಟು ಹಿಟ್ಟಿನ ಧೂಳು ಉದುರಿತು, ಅಷ್ಟೇ. ಅವನು ಮೂಗೊರೆಸಿಕೊಂಡ.

"ನೀನಾದ್ರೂ ಯಾರಿಗೂ ಹೇಳ್ಬೇಡ" ಎಂದ.