ಅತಿಥಿಗೆ ನೆಪೋಲಿಯನ್

ಆ ದಿನ ಸಂಜೆ ಆರು ಗಂಟೆಯೊಳಗೆ ಇತ್ಯರ್ಥವಾಗಲೇಬೇಕಾದ ಗಂಭೀರ ವಿಷಯಗಳು ಎರಡಿದ್ದವು. ಒಂದು, ಗುರುಸಿದ್ದಪ್ಪನ ಮಣ್ಣು. ಇನ್ನೊಂದು, ಸಾವಿರದ ಎಂಟುನೂರ ಒಂಬತ್ತರ ಮೇ ತಿಂಗಳಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಆಸ್ಪರ್ನ್ ಎಂಬ ಹಳ್ಳಿ ಫ್ರೆಂಚರಿಗೆ ಸೇರಬೇಕೋ ಆಸ್ಟ್ರಿಯನ್ನರಿಗೋ ಎಂಬುದು. ಮೊದಲನೆಯದಕ್ಕೆ ಬೆಳಿಗ್ಗೆಯೇ ಗುಂಡಿ ತೋಡಿಯಾಗಿತ್ತು. ಎರಡನೆಯದು ಯುರೋಪಿನಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಮುಗಿದಿದ್ದರೂ ನಾಸಿಕದ ಓಝರ್ ಬಳಿಯ ಈ ಮನೆಯಲ್ಲಿ ಇನ್ನೂ ಬಾಕಿಯಿತ್ತು.

ಉಮಾನಾಥ ಬಾಗಿಲಲ್ಲಿ ಗುಡ್ಡೆಬಿದ್ದ ಚಪ್ಪಲಿಗಳನ್ನು ದಾಟಲು ಹೋಗಿ ಎಡವಿದ. ಬಲಗೈಯಲ್ಲಿ ಚೆಂಡುಹೂವಿನ ಹಾರ, ಎಡಗಂಕುಳಲ್ಲಿ ಲ್ಯಾಪ್‌ಟಾಪ್ ಚೀಲ. ಬೀಳುವ ಕ್ಷಣದಲ್ಲಿ ಅವನು ಹಾರವನ್ನು ಬಿಟ್ಟು ಚೀಲವನ್ನು ಹಿಡಿದುಕೊಂಡ. ಇದನ್ನು ಸತ್ತವನ ಅಕ್ಕ ಭಾಗವ್ವ ನೋಡಿದಳು.

"ಯಾರೋ ಇವ?" ಎಂದು ಗುರುಸಿದ್ದಪ್ಪನ ಮಗ ಮನೋಜನನ್ನು ಕೇಳಿದಳು.

"ಉಮಾನಾಥ ಕಾಕಾ ಆತ್ಯಾ. ಸಂಭಾಜಿನಗರದಾಗ ಹೋಟೆಲ್ ಐತಲ್ಲ, ತೇಚ್, ಅವರೇ. ಪಪ್ಪಾನ ಜೊತಿ ಯುದ್ಧ ಮಾಡ್ತಿದ್ರು."

"ಈ ಹೊಟ್ಟಿ ಇಟ್ಕೊಂಡು?"

ಉಮಾನಾಥ ಬಿದ್ದ ಹಾರವನ್ನು ಎತ್ತಿ ಝಾಡಿಸಿ ಒಳಗೆ ಬಂದ. ಗುರುಸಿದ್ದಪ್ಪನನ್ನು ಅವರ ಪದ್ಧತಿಯಂತೆ ಗೋಡೆಗೆ ಆನಿಸಿ, ಕಾಲು ಮಡಿಸಿ ಕೂರಿಸಿದ್ದರು. ಹಣೆಗೆ ಮೂರೆಳೆ ವಿಭೂತಿ, ತಲೆಗೆ ರುಮಾಲು. ವಿಮಾನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಿಡಿಭಾಗಗಳ ತಪಾಸಣೆ ಮಾಡಿದ ಮುಖ ಅದು. ಈಗಲೂ ಎದುರಿಗೆ ಬಂದವರಲ್ಲಿ ಏನೋ ಅಳತೆ ತಪ್ಪಿದೆ ಎಂಬಂತೆ ನೋಡುತ್ತಿತ್ತು. ಉಮಾನಾಥ ಹಾರ ಹಾಕಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಏನಾದರೂ ಹೇಳಬೇಕೆಂದು ಗಂಡನ ಪಕ್ಕ ಕೂತಿದ್ದ ಸುಭದ್ರಾಳ ಕಡೆ ತಿರುಗಿದ.

"ಮಷಿನ್ ತಂದೀರಿ. ಚಾರ್ಜರ್ ತಂದೀರಿಲ್ಲೊ?" ಎಂದು ಅವಳೇ ಮೊದಲು ಕೇಳಿದಳು.

"ತಂದಿದ್ದೇನೆ ಸುಭದ್ರಕ್ಕ. ಆದರೆ ಇವತ್ತು ಅದೆಲ್ಲ ಎಂತಕ್ಕೆ..."

"ಇವತ್ತ ಕಡೀ ದಿನ ಅಲ್ಲೇನ್ರಿ?"

ವರದಿ ಕಳಿಸಲು ಕಡೆಯ ದಿನವೇ. ವಿದೇಶದ ಒಂದು ಸಣ್ಣ ಕಂಪನಿ ನೆಪೋಲಿಯನ್ ಕಾಲದ ಕದನಗಳ ಕಂಪ್ಯೂಟರ್ ಆಟ ಮಾಡುತ್ತದೆ. ಹವ್ಯಾಸಿಗಳು ಒಂದೊಂದು ಕದನದ ಸನ್ನಿವೇಶ ಕಟ್ಟಿ ಕಳಿಸಬಹುದು. ಎಲ್ಲಿ ನದಿ, ಎಲ್ಲಿ ಹಳ್ಳಿ, ಯಾವ ಪಲ್ಟನ್ ಎಷ್ಟು ಗಂಟೆಗೆ ಬರುತ್ತದೆ, ಎಲ್ಲವನ್ನೂ ಕಟ್ಟುವವನೇ ಲೆಕ್ಕ ಹಾಕಬೇಕು. ಆಮೇಲೆ ಹತ್ತು ಸಲ ಆಡಿ ನೋಡಿ ವರದಿ ಒಪ್ಪಿಸಬೇಕು. ಕಂಪನಿಯ ನಿಯಮ ಒಂದೇ: ಹತ್ತರಲ್ಲಿ ಎರಡೂ ಪಕ್ಷ ಕನಿಷ್ಠ ನಾಲ್ಕು ಸಲ ಗೆಲ್ಲಬೇಕು. ಇಲ್ಲವಾದರೆ ಸನ್ನಿವೇಶ ಸಮವಾಗಿಲ್ಲವೆಂದು ಕೈಬಿಡುತ್ತಾರೆ. ಗುರುಸಿದ್ದಪ್ಪನ ನಾಲ್ಕು ಸನ್ನಿವೇಶಗಳನ್ನು ಹೀಗೇ ಕೈಬಿಟ್ಟಿದ್ದರು. ಐದನೆಯದು ಇದು. ಒಂಬತ್ತು ಆಟ ಮುಗಿದಿತ್ತು: ಫ್ರಾನ್ಸ್ ಆರು, ಆಸ್ಟ್ರಿಯಾ ಮೂರು. ಹತ್ತನೆಯದನ್ನು ಶುರು ಮಾಡುವ ಮೊದಲೇ ಗುರುಸಿದ್ದಪ್ಪನ ಎದೆ ನಿಂತಿತ್ತು.

ಮಗಳು ಹಂಸಾ ಬರುತ್ತಿದ್ದ ರೈಲು ಘಾಟಿನ ಮಳೆಗೆ ಇಗತಪುರಿಯಲ್ಲಿ ನಿಂತಿದೆಯೆಂದು ಫೋನು ಬಂತು. ಇನ್ನು ಮೂರು ತಾಸು ಕಾಯುವುದು. ಸುಭದ್ರಾ ಎದ್ದು ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ಎದುರಾಬದರಾ ಕುಂತ್ರ ಎರಡೂವರಿ ತಾಸಿನ ಆಟ. ಬರ್ರಿ ಒಳಗ."

*

ಇಪ್ಪತ್ತಮೂರು ವರ್ಷದ ಹಿಂದೆ ಉಮಾನಾಥನ ಹೋಟೆಲು ನಾಸಿಕ್ ರೋಡ್ ಸ್ಟೇಷನ್ನಿನ ಎದುರಿಗಿತ್ತು. ಒಂದು ಭಾನುವಾರ ಮೂಲೆಯ ಮೇಜಿನ ಗಿರಾಕಿ ಎರಡು ಇಡ್ಲಿಗಳನ್ನು ತಟ್ಟೆಯ ಎರಡು ತುದಿಗೆ ಸರಿಸಿ, ನಡುವೆ ಸಾಂಬಾರು ಹರಿಸಿ, ತಿನ್ನದೆ ಅರ್ಧ ಗಂಟೆಯಿಂದ ನೋಡುತ್ತಿದ್ದಾನೆಂದು ಸಪ್ಲಾಯರ್ ಬಂದು ದೂರಿದ. ಹುಳ ಬಿದ್ದಿರಬೇಕೆಂದು ಉಮಾನಾಥ ಓಡಿದ.

"ಎಂತ ಆಯ್ತು ಸಾರ್, ಇಡ್ಲಿ ಸರಿ ಇಲ್ವಾ?"

"ಇಡ್ಲಿ ಭಾಳ ಚಲೋ ಐತ್ರಿ. ಇದು ಆಸ್ಪರ್ನ್, ಅದು ಎಸ್ಲಿಂಗ್. ಎರಡು ಹಳ್ಳಿ. ನೆಪೋಲಿಯನ್ ಹೊಳಿ ದಾಟಿ ಬಂದು ಇವುಗಳ ನಡುವ ಸಿಕ್ಕೊಂಡಾನ. ಹೊರಗ ಹೆಂಗ ಬರತಾನ ಅಂತ ನೋಡಾಕತ್ತೀನಿ."

ಉಮಾನಾಥ ಬಾಗಿ ನೋಡಿದ. ಕಾಲೇಜಿನಲ್ಲಿ ಇತಿಹಾಸದಲ್ಲಿ ಮಾತ್ರ ಪಾಸಾಗಿದ್ದವನು ಅವನು. ಗಲ್ಲಾಪೆಟ್ಟಿಗೆಯ ಕೀಲಿಯನ್ನು ತಮ್ಮನಿಗೆ ಎಸೆದು ಎದುರಿಗೆ ಕೂತ. "ಹಾಗಾದರೆ ನಾನು ಯಾರು?"

ಗುರುಸಿದ್ದಪ್ಪ ತಟ್ಟೆಯನ್ನು ಅವನ ಕಡೆಗೆ ತಿರುಗಿಸಿದ. "ನೀವು ನೆಪೋಲಿಯನ್ ಆಗ್ರಿ."

ಅಂದು ಕೊಟ್ಟದ್ದನ್ನು ಗುರುಸಿದ್ದಪ್ಪ ಮತ್ತೆ ವಾಪಸು ಕೇಳಲಿಲ್ಲ. ಆಮೇಲೆ ಆಟ ತಟ್ಟೆಯಿಂದ ಕಂಪ್ಯೂಟರಿಗೆ ಏರಿತು. ಉಮಾನಾಥ ಸಂಭಾಜಿನಗರಕ್ಕೆ ಹೋಟೆಲು ಸಾಗಿಸಿದ ಮೇಲೆ ಈಮೇಲಿನಲ್ಲಿ ದಿನಕ್ಕೊಂದು ಸರದಿಯಂತೆ ನಡೆಯಿತು. ಗೋದಾವರಿಗೆ ನೆರೆ ಬಂದಾಗ ಗುರುಸಿದ್ದಪ್ಪ ಕೊಡೆ ಹಿಡಿದು ಪಂಚವಟಿಯ ಸೇತುವೆಯ ಮೇಲೆ ನಿಲ್ಲುತ್ತಿದ್ದ. ತೇಲಿಬಂದ ದಿಮ್ಮಿಗಳಲ್ಲಿ ಎಷ್ಟು ಕಂಬಕ್ಕೆ ಬಡಿದವು, ಎಷ್ಟು ತಪ್ಪಿಸಿಕೊಂಡವು ಎಂದು ಬರೆದುಕೊಳ್ಳುತ್ತಿದ್ದ. ಆಸ್ಟ್ರಿಯನ್ನರು ಡ್ಯಾನ್ಯೂಬಿನಲ್ಲಿ ದೋಣಿ, ಹಿಟ್ಟಿನ ಗಿರಣಿಗಳನ್ನೇ ತೇಲಿಬಿಟ್ಟು ಫ್ರೆಂಚರ ಸೇತುವೆ ಮುರಿದಿದ್ದರು. ಆಟದಲ್ಲಿ ಅದು ಮುರಿಯುವ ಸಾಧ್ಯತೆ ಎಷ್ಟೆಂದು ತಿಳಿಯಬೇಕಿತ್ತು. ನಾಲ್ಕು ಮಳೆಗಾಲ ಹೀಗೆ ಸೇತುವೆಯ ಮೇಲೆ ನಿಂತ ನಂತರ ಉತ್ತರ ಸಿಕ್ಕಿತು: ಶೇಕಡಾ ಮೂವತ್ತೊಂದು. ಶೇಕಡಾ ಮೂವತ್ತು ಎಂದರೆ ಆಗುವುದಿಲ್ಲವೇ ಎಂದು ಉಮಾನಾಥ ಕೇಳಿದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟಿದ್ದ.

*

ಒಳಕೋಣೆಯಲ್ಲಿ ಗುರುಸಿದ್ದಪ್ಪನ ಕಂಪ್ಯೂಟರು ಆನ್ ಆದ ಸದ್ದಿಗೆ ಭಾಗವ್ವ ಬಾಗಿಲಿಗೆ ಬಂದು ನಿಂತಳು.

"ಏನವಾ ಸುಭದ್ರಾ, ಗಂಡನ ಹೆಣ ಹೊರಗ ಕುಂತೈತಿ, ನೀ ಒಳಗ ಆಟ ಆಡಾಕ ಕುಂತಿ? ಸೂತಕದ ಮನಿ ಇದು!"

ಭಜನೆಯವರಿಗೆ ತಾಳ ಹೇಳಿಕೊಡುತ್ತಿದ್ದ ಹಿರೇಮಠದ ಸ್ವಾಮಿಗಳಿಗೆ ಇದು ಕೇಳಿಸಿತು. "ಭಾಗವ್ವ, ನಮ್ಮೊಳಗ ಸೂತಕ ಎಲ್ಲೈತಿ? ಬಸವಣ್ಣನವರು ತಗದು ಒಗದು ಎಂಟುನೂರು ವರ್ಷ ಆತು."

"ಹಂಗಂತ ಆಟ ಆಡ್ಬಹುದೇನ್ರಿ?"

ಸ್ವಾಮಿಗಳು ಸ್ವಲ್ಪ ಯೋಚಿಸಿದರು. "ಅಡಿಗಿ ಮಾಡ್ಬಹುದು, ಪೂಜಿ ಮಾಡ್ಬಹುದು. ಆಟದ್ದು ಯಾರೂ ಕೇಳಿರಲಿಲ್ಲ." ಕೇಳಿದ ಮೇಲೆ ನೋಡದೆ ತೀರ್ಪು ಕೊಡುವುದು ಸರಿಯಲ್ಲವೆಂದು ಅವರೂ ಬಂದು ಮಂಚದ ತುದಿಗೆ ಕೂತರು. ಸ್ವಾಮಿಗಳು ಕೂತ ಮೇಲೆ ಭಾಗವ್ವನಿಗೂ ಹೊರಗಿರಲು ಮನಸ್ಸಾಗಲಿಲ್ಲ.

ಸುಭದ್ರಾ ಮೌಸಿಗೆ ಕೈ ಹಾಕಿದ ರೀತಿ ನೋಡಿ ಉಮಾನಾಥ ಬೆರಗಾದ. "ನಿಮಗೆ ಆಡ್ಲಿಕ್ಕೆ ಬರ್ತದಾ ಅಕ್ಕ?"

"ಎರಡು ವರ್ಷ ಆತಲ್ರಿ ಅವರ ಕಣ್ಣು ಮಂಜಾಗಿ. ಅವರು ಹೇಳಾವರು, ನಾ ಒತ್ತಾಕಿ. ಈ ಪಲ್ಟನ್ ಮುಂದ, ಆ ತೋಪು ಹಿಂದ ಅಂತ. ತಪ್ಪು ಅಂತ ಗೊತ್ತಿದ್ರೂ ಒತ್ತತಿದ್ದೆ."

"ಈಮೇಲೂ ನೀವೇ ಓದ್ತಿದ್ರಾ?"

"ಹೂಂ. ಮೊನ್ನೆ 'ಮುದಿ ಗೂಬೆ' ಅಂತ ಬರದಿದ್ರಲ್ಲ, ಅದನ್ನೂ ಓದಿ ಹೇಳಿದೆ. ಭಾಳ ನಕ್ರು."

ಉಮಾನಾಥ ತಲೆ ತಗ್ಗಿಸಿ ಎಂದಿನಂತೆ ಫ್ರೆಂಚರ ಪಕ್ಷ ತೆರೆದ. ನಾಸಿಕದ ದಾರಿಯುದ್ದಕ್ಕೂ ಅವನು ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದ. ಮೊದಲ ಸರದಿಯಲ್ಲಿ ತನ್ನ ಅಶ್ವದಳವನ್ನು ಎರಡು ಮೈಲಿ ಹಿಂದಕ್ಕೆ ಕರೆದ. ಎರಡನೆಯದರಲ್ಲಿ ಎಸ್ಲಿಂಗ್ ಹಳ್ಳಿಯನ್ನು ಖಾಲಿ ಮಾಡಿದ.

ಸುಭದ್ರಾ ಕೈ ತೆಗೆದಳು. "ಅಣ್ಣಾರ, ಆ ಕುದರಿ ಪಡಿ ಯಾಕ ಹಿಂದ ಹೊಂಟೈತಿ?"

"ಅದು... ದಣಿದಿದೆ ಅಕ್ಕ."

"ಒಂದನೇ ಟರ್ನಿಗೇ ದಣೀತು?"

ಉಮಾನಾಥ ಬಾಗಿ ಚಾರ್ಜರಿನ ವೈರು ಸರಿಮಾಡತೊಡಗಿದ.

"ನೀವು ಸೋಲಾಕ ಬಂದೀರಿ."

"ಮತ್ತೆ ಎಂತ ಮಾಡುದು ಮಾರಾಯ್ರೆ? ಇದೂ ಹೋದರೆ ಅವರ ಹೆಸರಿನದ್ದು ಒಂದೂ ಉಳಿಯುದಿಲ್ಲ. ನನ್ನಿಂದ ಒಂದು ಆಟ ಸೋಲ್ಲಿಕ್ಕೆ ಆಗುದಿಲ್ವಾ?"

"ಮೂವತ್ನಾಕು ವರ್ಷ ಒಂದು ಕೆಟ್ಟ ನಟ್ಟಿಗೆ ಸೀಲ್ ಹೊಡದಾವರಲ್ಲ ಅವರು. ಇವತ್ತ ಅವರ ಹೆಸರಿಗೆ ನೀವು ಸುಳ್ಳು ಸೀಲ್ ಹೊಡೀತೀರಿ?"

ಭಾಗವ್ವನಿಗೆ ಆಟ ಅರ್ಥವಾಗಿರಲಿಲ್ಲ, ಬೈಗುಳ ಅರ್ಥವಾಯಿತು. "ಅಗದೀ ಖರೇ," ಎಂದಳು.

ಸುಭದ್ರಾ ಪರದೆಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ನಿಧಾನವಾಗಿ ಕೇಳಿದಳು: "ಒಂದು ಮಾತು ಹೇಳ್ರಿ. ಇಷ್ಟು ವರ್ಷದಾಗ ಅವರು ಒಮ್ಮೆರ ಫ್ರೆಂಚ್ ಆಡ್ಯಾರೇನು?"

ಉಮಾನಾಥ ನೆನಪಿಸಿಕೊಂಡ. "ಇಲ್ಲ."

"ನೀವು ಆಚೀಕಡೆಯಿಂದ?"

"ನಾನು ಕೇಳಿದ್ದೆ. ಅವರು ಬಿಡುದಿಲ್ಲ. ಅತಿಥಿಗೆ ಒಳ್ಳೇದು ಕೊಡಬೇಕ್ರಿ, ನೆಪೋಲಿಯನ್ ನಿಮಗ ಇರ್ಲಿ ಅಂತಿದ್ರು."

"ಹಂಗಾದ್ರ ಸೋಲಾಕತ್ತಿದ್ದು ಆಸ್ಟ್ರಿಯಾನೋ, ನಮ್ಮ ಮನಿಯವರೋ?"

ಉಮಾನಾಥನಿಗೆ ಐದೂ ಸನ್ನಿವೇಶಗಳು ಒಂದರ ಹಿಂದೊಂದು ಕಣ್ಣೆದುರು ಬಂದವು. ನದಿಯ ಅಗಲ ತಿದ್ದಿದ್ದರು, ಫಿರಂಗಿ ಕಡಿಮೆ ಮಾಡಿದ್ದರು, ಮಳೆ ಸುರಿಸಿದ್ದರು. ಇಪ್ಪತ್ತಮೂರು ವರ್ಷ ಎಲ್ಲವನ್ನೂ ಅಳೆದ ಇಬ್ಬರೂ ಕುರ್ಚಿ ಬದಲಾಯಿಸಿ ನೋಡಿರಲಿಲ್ಲ.

"ಏಳ್ರಿ," ಎಂದಳು ಸುಭದ್ರಾ. "ಇವತ್ತ ನಾ ಫ್ರೆಂಚ್. ಮೊದಲಿಂದ ಶುರು ಮಾಡೂಣು."

ಆಮೇಲಿನ ಎರಡು ತಾಸಿನಲ್ಲಿ ಉಮಾನಾಥ ಅಂಗಿ ಬೆವರಿಸಿಕೊಂಡು ಆಡಿದ. ಎರಡು ವರ್ಷ ತಪ್ಪು ಗುಂಡಿಗಳನ್ನು ಒತ್ತಿ ಒತ್ತಿ ಸುಭದ್ರಾಳ ಹೊಟ್ಟೆಯಲ್ಲಿ ಸರಿಯಾದ ನಡೆಗಳು ರಾಶಿ ಬಿದ್ದಿದ್ದವು. ಅವಳು ಅವನನ್ನು ಎಸ್ಲಿಂಗಿನಿಂದ ಎರಡು ಸಲ ಹೊರಗಟ್ಟಿದಳು. ಸೇತುವೆ ಮುರಿದಾಗ "ಹೋಗ್ಲಿ ಬಿಡ್ರಿ, ಕಟ್ಟೂಣು" ಎಂದು ಕಟ್ಟಿಯೂ ಬಿಟ್ಟಳು. ಸ್ವಾಮಿಗಳು ಫ್ರೆಂಚರ ನೀಲಿ ಬಣ್ಣದ ಕಡೆಗಿದ್ದರು. ಭಾಗವ್ವ ಯಾರ ಕಡೆಗೆಂದು ಸ್ಪಷ್ಟವಾಗಿರಲಿಲ್ಲ, ಆದರೆ ಯಾರು ಸತ್ತರೂ "ಅಯ್ಯಯ್ಯ" ಎನ್ನುತ್ತಿದ್ದಳು.

ಮನೋಜ ಬಂದು ಇಣುಕಿದ. "ಆಯೀ, ಹಂಸಾ ಸ್ಟೇಷನ್‌ದಾಗ ಇಳಿದಾಳ. ರಿಕ್ಷಾ ಹಿಡಿದಾಳ."

ಕೊನೆಯ ಸರದಿ. ಎರಡರಲ್ಲಿ ಒಂದು ಹಳ್ಳಿ ಉಳಿದರೂ ಆಸ್ಟ್ರಿಯಾ ಗೆದ್ದಂತೆ. ಉಮಾನಾಥನ ಕೈಯಲ್ಲಿ ಆಸ್ಪರ್ನ್ ಮಾತ್ರ ಇತ್ತು, ಅದರಲ್ಲಿ ಸುಸ್ತಾದ ಮೂರು ಪಲ್ಟನ್. ಸುಭದ್ರಾಳ ಬಳಿ ನೆಪೋಲಿಯನ್ನನ ಖಾಸಾ ಗಾರ್ಡ್ ಪಡೆ ಇನ್ನೂ ಮುಟ್ಟದೆ ನಿಂತಿತ್ತು.

"ಅಕ್ಕ," ಉಮಾನಾಥ ತಗ್ಗಿದ ದನಿಯಲ್ಲಿ ಹೇಳಿದ, "ನೀವು ಗೆದ್ದರೆ ಏಳು–ಮೂರು. ಮುಗಿದು ಹೋಯ್ತು. ಗಾರ್ಡ್ ಅಲ್ಲೇ ನಿಲ್ಲಲಿ. ನಾನು ಯಾರಿಗೂ ಹೇಳುದಿಲ್ಲ."

ಸುಭದ್ರಾ ಹೊರಗಿನ ಕೋಣೆಯ ಕಡೆ ನೋಡಿದಳು. ಬಾಗಿಲಿನಿಂದ ಗುರುಸಿದ್ದಪ್ಪನ ರುಮಾಲಿನ ತುದಿ, ಒಂದು ಮಂಡಿ ಕಾಣುತ್ತಿದ್ದವು.

"ಅವರು ಕೇಳಾಕತ್ತಾರ," ಎಂದು ಗಾರ್ಡನ್ನು ಆಸ್ಪರ್ನ್ ಮೇಲೆ ಕಳಿಸಿದಳು.

ಪರದೆಯ ಮೇಲೆ ನೀಲಿ ಚೌಕಗಳು ಹಳ್ಳಿಗೆ ನುಗ್ಗಿದವು. ಯಂತ್ರ ನಾಲ್ಕೈದು ಕ್ಷಣ ಲೆಕ್ಕ ಹಾಕಿತು. ಉಮಾನಾಥ ಕಣ್ಣು ಮುಚ್ಚಿಕೊಂಡ. ತೆರೆದಾಗ ನೀಲಿ ಚೌಕಗಳು ಹೊಲದಲ್ಲಿದ್ದವು, ಹಳ್ಳಿಯಲ್ಲಿ ಆಸ್ಟ್ರಿಯಾದ ಬಿಳಿಯ ಒಂದು ಪಲ್ಟನ್ ಉಳಿದಿತ್ತು. ಆರು–ನಾಲ್ಕು.

"ಥೂ!" ಎಂದಳು ಸುಭದ್ರಾ. ನಿಜವಾಗಿಯೂ ಸಿಟ್ಟು ಬಂದಿತ್ತು. "ಒಂದು ಟರ್ನ್ ಮೊದಲೇ ಕಳಸಬೇಕಿತ್ತು." ಆಮೇಲೆ ಏನಾಯಿತೆಂದು ಅರಿವಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಭಾಗವ್ವನಿಗೆ ತಿಳಿಯಲಿಲ್ಲ. ಹೇಗೂ ಇರಲಿ ಎಂದು ಬೆನ್ನ ಮೇಲೆ ಕೈಯಿಟ್ಟಳು.

ಉಮಾನಾಥ ವರದಿ ತೆರೆದು ಕೇಳಿದ: "ಷರಾ ಅಂತ ಒಂದು ಜಾಗ ಉಂಟು. ಎಂತ ಬರೆಯಲಿ?"

"ಆದದ್ದನ್ನ ಬರೀರಿ. ಸಿನಾರಿಯೊ ಸರಿ ಐತಿ. ಮಾಡಿದಾವರಿಗೆ ಆಡಾಕ ಬರ್ತಿದ್ದಿಲ್ಲ."

ಅವನು ಹಾಗೆಯೇ ಇಂಗ್ಲಿಷಿನಲ್ಲಿ ಬರೆದ. ಒಂಬತ್ತು ಆಟಗಳಲ್ಲಿ ಪಕ್ಷ ಬದಲಿಸಿರಲಿಲ್ಲವೆಂಬುದನ್ನೂ, ಅದಕ್ಕೆ ಕಾರಣ ಅತಿಥಿಸತ್ಕಾರವೆಂಬುದನ್ನೂ ಸೇರಿಸಿ ಕಳಿಸಿದ. ಹೊರಗೆ ರಿಕ್ಷಾ ನಿಂತು ಹಂಸಾಳ ಅಳು ಕೇಳಿಸಿತು. ಸುಭದ್ರಾ ಕಂಪ್ಯೂಟರು ಆರಿಸಿ ಮಗಳ ಬಳಿ ಹೋದಳು.

ಐದು ಗಂಟೆಗೆ ಗುರುಸಿದ್ದಪ್ಪನನ್ನು ಎತ್ತಿದರು. ಬಾಳೆದಿಂಡು ಕಟ್ಟಿದ ಆಸನದಲ್ಲಿ ನೆಟ್ಟಗೆ ಕೂತು ಅವನು ಕಾಲನಿಯ ರಸ್ತೆಯಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಸಾಗಿದ. ಉಮಾನಾಥ ಎಡಗಡೆಯ ಕಂಬಕ್ಕೆ ಹೆಗಲು ಕೊಟ್ಟಿದ್ದ. ಪಕ್ಕದಲ್ಲಿ ನಡೆಯುತ್ತಿದ್ದ ಸ್ವಾಮಿಗಳು ಗಾರ್ಡ್ ಪಡೆ ಯಾಕೆ ಸೋತಿತೆಂದು ಇನ್ನೂ ಕೇಳುತ್ತಿದ್ದರು.

ಉತ್ತರ ಮೂರನೇ ದಿನ ಬಂತು. ಸನ್ನಿವೇಶವನ್ನು ಸ್ವೀಕರಿಸಲಾಗಿತ್ತು.