ಹಸಿ ಗೊಬ್ಬರದ ಸನ್ಮಾನ

ವೆಸ್ಟ್ ಓಕ್ಲೆಂಡಿನಲ್ಲಿ ಈಚೆಗೆ ಮಣ್ಣಿಗೂ ಮರ್ಯಾದೆ ಬಂದುಬಿಟ್ಟಿತ್ತು. ಅಲ್ಲಿನ ಕಪ್ಪು ಜನಕ್ಕೆ ಬರುವುದು ಇನ್ನೂ ಬಾಕಿ ಇತ್ತು, ಅದು ಬೇರೆ ಮಾತು.

ಹಳೆಯ ಹೆಂಡದಂಗಡಿಯ ಮೂಲೆಯಲ್ಲಿ ಈಗ ಕುಂಡದ ಮಣ್ಣಿನ ಅಂಗಡಿ. ನೆಲದಿಂದ ಸೂರಿನವರೆಗೆ ಚೀಲಗಳು: ಕಾಡಿನ ಮಣ್ಣು, ಕಡಲಂಚಿನ ಮಣ್ಣು, ಹುಣ್ಣಿಮೆಯ ದಿನ ತಿರುವಿದ ಮಣ್ಣು, ಪಿಟೀಲು ಕೇಳಿಸಿ ಸಾಕಿದ ಎರೆಹುಳುಗಳ ಮಣ್ಣು. ಒಂದೊಂದರ ಮೈಮೇಲೂ ಒಂದೊಂದು ಪುರಾಣ. ಸಿಟಿ ಬಸ್ಸು ಓಡಿಸಿ ನಿವೃತ್ತಳಾಗಿದ್ದ ವರ್ಲೀನ್ ಪೆಟವೇ ಎಲ್ಲವನ್ನೂ ಓದಿ ಸುಸ್ತಾಗಿ ಕೌಂಟರಿನ ಹುಡುಗಿಯನ್ನು ಕೇಳಿದಳು: "ಮಣ್ಣು ಅಂತ ಬರೀ ಮಣ್ಣು ಇಲ್ವೇನಮ್ಮ?"

"ನಿಮ್ಮ ಗಿಡದ ಸ್ವಭಾವ ಎಂಥದ್ದು ಮೇಡಂ? ಅದನ್ನ ಮೊದಲು ಹೇಳಿ."

"ನಮ್ಮಣ್ಣನ ಹಾಗೇ. ಹೇಳಿದ್ದು ಕೇಳಲ್ಲ."

ಬರಿಗೈಯಲ್ಲೇ ಮನೆಗೆ ಬಂದಳು. ಅಡುಗೆಮನೆಯ ಕಿಟಕಿಯಲ್ಲಿ, ಕಾಗದದ ಲೋಟದಲ್ಲಿ, ಗೇಣುದ್ದದ ಗಾಂಜಾ ಸಸಿ ಕಾಯುತ್ತಿತ್ತು. ಬೇರು ಲೋಟದ ತಳ ಒಡೆದು ಹೊರಗೆ ಇಣುಕುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಅಣ್ಣ ಕ್ಲೀಯೋಫಸ್. ಕ್ಯಾನ್ಸರಿನ ಚಿಕಿತ್ಸೆ ಮುಗಿದಿತ್ತು, ಹಸಿವು ಮಾತ್ರ ವಾಪಸು ಬಂದಿರಲಿಲ್ಲ. ಈಗ ಕಾನೂನೇ ಒಪ್ಪಿ ಅಂಗಡಿಯಲ್ಲಿ ಮಾರುವ ಗಾಂಜಾ ಸೇದಿದರೆ ಎದೆ ಡವಡವ. ಅವನಿಗೆ ಊಟ ಸೇರುವಂತೆ ಮಾಡುತ್ತಿದ್ದುದು ಒಂದೇ ತಳಿ. ಅವನೇ ಒಂದು ಕಾಲಕ್ಕೆ ಅಮ್ಮನ ಹಿತ್ತಲಲ್ಲಿ ಬೆಳೆದದ್ದು, ಬೆಳೆದದ್ದಕ್ಕೇ ಜೈಲಿಗೆ ಹೋದದ್ದು. ಗುಡ್ಡದ ಕಡೆಯ ಸೋದರಸಂಬಂಧಿಯೊಬ್ಬ ಅದನ್ನು ರೆಂಬೆಯಿಂದ ರೆಂಬೆಗೆ ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದ. ಈ ವಸಂತದಲ್ಲಿ ಅವನೂ ಹೋದ, ಅವನ ಗಿಡಗಳೂ ಒಣಗಿದವು. ಬೇರು ಬಿಟ್ಟ ಕಡ್ಡಿ ಅಂತ ಉಳಿದದ್ದು ಇದೊಂದೇ. ಇದು ಹೋದರೆ ತಳಿಯೂ ಹೋಯಿತು, ಅಣ್ಣನ ಊಟವೂ ಹೋಯಿತು.

"ಹಿತ್ತಲ ಮಣ್ಣೇ ಹಾಕೇ," ಎಂದ ಕ್ಲೀಯೋಫಸ್. "ನಾನು ಯಾವ ಚೀಲ ತಂದಿದ್ದೆ ಆಗ?"

"ಈ ಬೀದಿ ಮಣ್ಣಲ್ಲೆಲ್ಲ ಸೀಸ ಇದೆ ಅಂತ ಪರೀಕ್ಷೆ ಮಾಡಿ ಹೇಳಿಹೋಗಿದಾರಲ್ಲ ಅಣ್ಣ. ಈ ಗಿಡ ವಿಷಾನ ಎಳ್ಕೊಂಡು ಎಲೆಗೆ ತುಂಬ್ಕೊಳ್ಳತ್ತಂತೆ."

"ನಾನೂ ಅದೇ ಮಣ್ಣಲ್ಲಿ ಬೆಳೆದೋನು."

"ಕಾಣ್ತಾ ಇದೆ."

ಇವರ ತಲೆಯ ಮೇಲೆ ಹೆದ್ದಾರಿ ಕಟ್ಟಿದವರು ಹೊಗೆಯನ್ನೂ ಸೀಸವನ್ನೂ ಇವರಿಗೆ ಬಿಟ್ಟು ಹೋಗಿದ್ದರು. ಈಗ ಅವರ ಮೊಮ್ಮಕ್ಕಳು ಒಳ್ಳೆಯ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಮಾರಲು ಬಂದಿದ್ದರು.

ಅಂಥ ಮೊಮ್ಮಗನೊಬ್ಬ ಪಕ್ಕದಲ್ಲೇ ಇದ್ದ, ಟ್ಯಾನರ್ ವಿಟ್‌ಲಾಕ್. ಅವನ ಮನೆ ಮೊದಲು ವರ್ಲೀನಳ ಅಮ್ಮನದು. ಕ್ಲೀಯೋಫಸ್ ಜೈಲಿಗೆ ಹೋದಾಗ ಅದು ವಕೀಲರ ಹೊಟ್ಟೆಗೆ ಹೋಗಿ, ಕೈಯಿಂದ ಕೈಗೆ ದಾಟಿ ಇವನಿಗೆ ದಕ್ಕಿತ್ತು. ಅಣ್ಣತಂಗಿ ಪಕ್ಕದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. ಟ್ಯಾನರ್ ಪ್ರತಿ ಶನಿವಾರ ಹಿತ್ತಲಲ್ಲಿ "ಮಣ್ಣಿನ ಬಳಗ" ನಡೆಸುತ್ತಿದ್ದ. ಬಂದವರು ಕಣ್ಣು ಮುಚ್ಚಿ ಮಣ್ಣು ಮೂಸಿ ತಂತಮ್ಮ ಬಾಲ್ಯ ನೆನೆದು ಅಳುತ್ತಿದ್ದರು.

ಸಸಿಯ ಸುದ್ದಿ ತಿಳಿದು ಅವನು ಒಂದು ಚೀಲ ಹೊತ್ತು ತಂದ. ಅವನದೇ ಮಿಶ್ರಣ, ಹೆಸರು "ಬಂಡಾಯ". ಮೇಲೆ ಪಟ್ಟೆ ಅಂಗಿ ತೊಟ್ಟ ಕಪ್ಪು ಕೈದಿಯ ಚಿತ್ರ.

"ಪಟ್ಟೆ ಅಂಗಿ ಯಾರು ಕೊಟ್ಟಿದ್ರು?" ಎಂದ ಕ್ಲೀಯೋಫಸ್. "ನಮಗೆ ಕೊಟ್ಟಿದ್ದು ನೀಲಿ. ಕೇಳಿದ್ರೆ ಹೇಳ್ತಿದ್ದೆ."

ಟ್ಯಾನರ್ ಎದೆಯ ಮೇಲೆ ಕೈ ಇಟ್ಟುಕೊಂಡ. "ಕೇಳೋಕೇ ಬಂದೆ ಹಿರಿಯರೇ. ಈ ಶನಿವಾರ ನೀವೇ ಮುಖ್ಯ ಅತಿಥಿ. ನಿಮ್ಮ ಸಸಿ ಅದರ ತಳಿ ಹುಟ್ಟಿದ ಹಿತ್ತಲಲ್ಲೇ, ಬಳಗದ ಎದುರೇ ದೊಡ್ಡ ಕುಂಡಕ್ಕೆ ಇಳೀಲಿ."

ವರ್ಲೀನ್ ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣ ಕೇಳಿಯೇಬಿಟ್ಟ: "ನನ್ನ ಬಿಳಿ ಅಂಗಿ ಇಸ್ತ್ರಿ ಆಗಿದೆಯೇನೆ?"

ಶನಿವಾರ ಅವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಯಾರೋ ಹೆಗಲಿಗೆ ಶಾಲು ಹೊದಿಸಿದರು. ಫೋನುಗಳು ಮೇಲೆದ್ದವು. ಟ್ಯಾನರ್ ಮಂತ್ರ ಹೇಳುವವನಂತೆ ಒಂದೊಂದನ್ನೇ ಕುಂಡಕ್ಕೆ ಸುರಿದ: ಬಾವಲಿ ಹಿಕ್ಕೆ, ಮೀನಿನ ಪುಡಿ, ಎಲುಬಿನ ಪುಡಿ, ಕಡಲಪಾಚಿ, ಕೋಳಿಗೊಬ್ಬರ. ಕಲಸಿದಾಗ ಎದ್ದ ಘಾಟಿಗೆ ವರ್ಲೀನಳ ಕಣ್ಣಲ್ಲಿ ನೀರು ಬಂತು.

"ಮಗೂ, ಇದು ನನ್ನ ಬಸ್ಸಿನ ಹಿಂದಿನ ಸೀಟಿನ ವಾಸನೆ. ಯಾರೋ ಕುಡಿದು ಉಚ್ಚೆ ಹೊಯ್ದ ಹಾಗಿದೆ."

"ಅದು ಜೀವದ ವಾಸನೆ ತಾಯೀ."

"ಬಸ್ಸಲ್ಲೂ ಜೀವ ಇರೋನೇ ಹೊಯ್ತಿದ್ದ."

ಬಳಗ ಮುಖ ಕಿವುಚಿತು. ಅವಳು ಅಣ್ಣನ ಕಿವಿಯ ಹತ್ತಿರ ಬಗ್ಗಿದಳು. "ಬೇಡ ಕಣೋ ಅಣ್ಣ. ಇರೋದೊಂದೇ ಸಸಿ."

ಕ್ಲೀಯೋಫಸ್ ಅವಳತ್ತ ತಿರುಗಲಿಲ್ಲ. ಇದೇ ಹಿತ್ತಲಲ್ಲಿ ಅಂದು ಪೊಲೀಸರು ಅವನನ್ನು ಮುಖ ಅಡಿಯಾಗಿ ಮಲಗಿಸಿ ಬೆನ್ನ ಮೇಲೆ ಮೊಣಕಾಲೂರಿದ್ದರು. ಈಗ ಇಲ್ಲೇ ಶಾಲು, ಇಲ್ಲೇ ಚಪ್ಪಾಳೆ. "ಹಾಕಿ," ಎಂದ.

ಸಸಿ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಳಗ ದಿನಾ ಫೋನಿನಲ್ಲಿ ನೋಡಬೇಕಲ್ಲ, ಕುಂಡ ಟ್ಯಾನರನ ಮರದ ಜಗಲಿಯಲ್ಲೇ ಉಳಿಯಿತು.

ವಾರ ತಿರುಗುವ ಮೊದಲೇ ಎಲೆಗಳು ಹಕ್ಕಿಯ ಉಗುರಿನಂತೆ ಕೆಳಗೆ ಬಾಗಿದವು. ತುದಿಗಳು ಸಿಗರೇಟು ತಾಗಿಸಿದಂತೆ ಕಂದಾದವು. ವರ್ಲೀನ್ ಬೇಲಿಯಾಚೆಯಿಂದ ಕೂಗಿದಳು. ಟ್ಯಾನರ್ ಸಮಾಧಾನ ಹೇಳಿದ: "ಗಿಡ ಶೋಕದಲ್ಲಿದೆ. ಅದಕ್ಕೆ ಸಮಯ ಕೊಡಿ."

ಮನೆಯೊಳಗೆ ಕ್ಲೀಯೋಫಸ್ ಮೆಕ್ಕೆಜೋಳದ ಗಂಜಿಯ ಬಟ್ಟಲನ್ನು ದೂರ ತಳ್ಳಿ ಗೋಡೆ ನೋಡುತ್ತ ಕೂತಿದ್ದ.

"ಏಳು," ಎಂದಳು ವರ್ಲೀನ್.

ಇಬ್ಬರೂ ಜಗಲಿ ಹತ್ತಿದರು, ಅಣ್ಣ ಊರುಗೋಲಿನ ಮೇಲೆ, ತಂಗಿ ಸಿಟ್ಟಿನ ಮೇಲೆ. ಅವಳು ಕುಂಡಕ್ಕೆ ಕೈ ಹಾಕುತ್ತಿದ್ದಂತೆ ಟ್ಯಾನರ್ ಫೋನು ಹಿಡಿದು ಓಡಿಬಂದ.

"ಗಿಡ ಈಗ ಬಳಗದ್ದು ತಾಯೀ! ಎಷ್ಟು ಜನ ನೋಡ್ತಿದಾರೆ ಗೊತ್ತಾ? ಹೀಗೆ ಎತ್ಕೊಂಡ್ ಹೋದ್ರೆ ಕಳ್ಳತನ ಆಗತ್ತೆ. ನಾನು ಪೊಲೀಸರಿಗೆ ಹೇಳ್ಬೇಕಾಗತ್ತೆ."

"ಹೇಳು ಮಗೂ. ಆ ನಂಬರು ಬದಲಾಗಿಲ್ಲ. ಇಲ್ಲಿ ನಿನ್ನ ಗಾಂಜಾ ಗಿಡ ಆಗ್ಲೇ ಆರು ಇವೆ. ಇದೂ ನಿಂದೇ ಆದ್ರೆ ಏಳು. ಮನೆಗೆ ಆರೇ ಅಂತ ಕಾನೂನು. ನಮ್ಮಣ್ಣ ಇದೇ ಹಿತ್ತಲಲ್ಲಿ ನಾಲ್ಕು ಗಿಡಕ್ಕೆ ಒಳಗೆ ಹೋದ. ನಿಂಗೆ ಏಳಕ್ಕೆ ಯಾವ ಶಾಲು ಹೊದಿಸ್ತಾರೋ ನೋಡೋಣ."

ಫೋನು ಕಿಸೆಗೆ ಹೋಯಿತು. "ಅಲ್ಲ, ಗಿಡ ನಿಮ್ದೇ ಅಂತಾನೇ ನಾನೂ ಹೇಳ್ತಿದ್ದಿದ್ದು..."

ವರ್ಲೀನ್ ಕುಂಡವನ್ನು ಅಲ್ಲೇ ಬೋರಲು ಹಾಕಿದಳು. "ಬಂಡಾಯ" ಅಷ್ಟೂ ಜಗಲಿಯ ಹೊಳಪು ಹಲಗೆಗಳ ಮೇಲೆ ಘಾಟೆಬ್ಬಿಸುತ್ತ ಹರಡಿಕೊಂಡಿತು. ಸಸಿಯನ್ನು ಎದೆಗವಚಿಕೊಂಡು ಅವಳು ಕೆಳಗಿಳಿದಳು.

ತಮ್ಮ ಬಾಗಿಲಿನ ನಲ್ಲಿಯ ಕೆಳಗೆ ಬೇರು ತೊಳೆಯುವಾಗ ಕ್ಲೀಯೋಫಸ್ ಬಾಯಿ ಬಿಟ್ಟ. "ಆ ವಾಸನೆ ನಂಗೂ ಬಂದಿತ್ತು ಕಣೇ. ಹಸಿ ಗೊಬ್ಬರ. ತಿಂಗಳುಗಟ್ಟಲೆ ಕೊಳೀಬೇಕಿತ್ತು. ಎಳೇ ಬೇರನ್ನ ಸುಡತ್ತೆ ಅಂತ ಗೊತ್ತಿತ್ತು."

"ಮತ್ಯಾಕೆ ಸುಮ್ನಿದ್ದೆ?"

"ಶಾಲು ಬೆಚ್ಚಗಿತ್ತು."

ಅವಳು ಬೈಯಲಿಲ್ಲ. ಬೈಯಲು ಪುರುಸೊತ್ತಿರಲಿಲ್ಲ. ಮೂಲೆಯ ಅಂಗಡಿಗೆ ಹೋಗಿ ಎಲ್ಲಕ್ಕಿಂತ ಕೆಳಗಿನ ಸಾಲಿನ, ಯಾವ ಚಿತ್ರವೂ ಪುರಾಣವೂ ಇಲ್ಲದ ಸಸಿಮಣ್ಣು ತಂದಳು, ಜೊತೆಗೆ ತೆಂಗಿನನಾರಿನ ಪುಡಿ, ಮಣ್ಣನ್ನು ಸಡಿಲವಾಗಿಡುವ ಬಿಳಿ ಪರ್ಲೈಟ್ ಹರಳು. ಅಣ್ಣ ಕುರ್ಚಿಯಲ್ಲಿ ಕೂತೇ ಹೇಳಿದ: ಅರ್ಧ ಮಣ್ಣು, ಉಳಿದರ್ಧದಲ್ಲಿ ನಾರೂ ಹರಳೂ ಸಮಸಮ. ಗೊಬ್ಬರ ಅಂತ ಚಿಟಿಕೆಯೂ ಬೇಡ. ಬೇರಿಗೀಗ ಉಸಿರು ಬೇಕು, ಊಟ ಆಮೇಲೆ.

"ಹಾಗೆ ಒತ್ತಬೇಡ ಕಣೇ! ಬಸ್ಸಿನ ಬ್ರೇಕಲ್ಲ ಅದು."

"ಹಾಗಾದ್ರೆ ನೀನೇ ಬಾ."

ಅವನು ಊರುಗೋಲು ಬದಿಗಿಟ್ಟು, ನರಳುತ್ತ ಮಂಡಿಯೂರಿದ. ಬೆರಳುಗಳಿಂದ ಮಣ್ಣನ್ನು ಕಾಂಡದ ಸುತ್ತ ಸಡಿಲವಾಗಿ ಕೂಡಿಸಿದ. ಸುಟ್ಟ ಎಲೆಗಳನ್ನು ಒಂದೊಂದಾಗಿ ಚಿವುಟಿದ. ಕೊನೆಗೆ ಉಳಿದದ್ದು ಬೋಳು ಕಡ್ಡಿ, ಅದರ ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು.

ಆಚೆ ಹಿತ್ತಲಲ್ಲಿ ಟ್ಯಾನರ್ ಜಗಲಿ ಗುಡಿಸುವ ಸದ್ದು ಕೇಳುತ್ತಿತ್ತು.

"ಉಳಿಯತ್ತಾ ಅಣ್ಣ?"

ಕ್ಲೀಯೋಫಸ್ ಆ ಹಸಿರನ್ನೇ ನೋಡಿದ. "ನೆರಳಿಗಿಡು. ನೀರು ಅಳತೆಗೆ ಹಾಕು. ಯಾರೂ ಅದನ್ನ ಹೊಗಳದ ಹಾಗೆ ನೋಡ್ಕೋ."